ತೊಂಬತ್ತೆಂಟು ಅಂಕದ ಬೀದಿ

ಅಭಿವೃದ್ಧಿ ಕಚೇರಿಯ ಸೋಫಾದ ಕೆಳಗೆ ಅಂಗಾತ ಮಲಗಿದ್ದಾಗ ಕುರ್ಚಿಯಣ್ಣನಿಗೆ ಸರ್ಕಾರದ ಒಳಗುಟ್ಟು ತಿಳಿಯಿತು.

ಅವನು ಅಲ್ಲಿ ಮಲಗಿದ್ದದ್ದು ಗುಟ್ಟು ಕದಿಯಲಿಕ್ಕಲ್ಲ. ಸಡಿಲಾದ ಸ್ಪ್ರಿಂಗು ಬಿಗಿಯುವುದು, ಹೊಸ ಮೆತ್ತೆ ತುಂಬುವುದು, ಮೇಲೆ ರೆಕ್ಸಿನ್ ಹೊದಿಸಿ ಮೊಳೆ ಹೊಡೆಯುವುದು ಅವನ ಕಸುಬು. ಹಾಗಾಗಿಯೇ ಬೀದಿಯವರಿಗೆಲ್ಲ ಅವನು ಕುರ್ಚಿಯಣ್ಣ. ನಿಜವಾದ ಹೆಸರು ಅವನ ಹೆಂಡತಿಗೂ ಸ್ವಲ್ಪ ಯೋಚಿಸಿದ ಮೇಲೆಯೇ ನೆನಪಾಗುತ್ತಿತ್ತು. ಕಚೇರಿಯ ಆ ಸೋಫಾ ಆನೆಮರಿಯಷ್ಟು ಭಾರ. ಮಗುಚಲು ಯಾರೂ ಕೈ ಹಾಕದಿದ್ದಾಗ ತಾನೇ ಅದರಡಿ ತೂರಿದ್ದ. ಅಷ್ಟರಲ್ಲಿ ಇಬ್ಬರು ಸಾಹೇಬರು ಬಂದು ಮೇಲೆ ಕೂತರು. ಸ್ಪ್ರಿಂಗು ಇಳಿದು ಬಂದು ಮೂಗಿಗೆ ಮುತ್ತಿಟ್ಟಿತು. ಬಾಯಿ ತುಂಬ ಮೊಳೆ ಕಚ್ಚಿಕೊಂಡಿದ್ದರಿಂದ "ಸಾರ್, ನಾನಿಲ್ಲಿದ್ದೀನಿ" ಎನ್ನಲೂ ಆಗಲಿಲ್ಲ.

"ಪ್ರೋತ್ಸಾಹ ವಲಯ ಇನ್ನೇನು ಬಂತು ಅಂತಲೇ ಇಟ್ಕೊಳ್ಳಿ," ಎಂದರು ಒಬ್ಬರು. "ಯಾವ ಬೀದಿ ಹೆಚ್ಚು ಹಾಳಾಗಿದೆಯೋ ಅದಕ್ಕೇ ಮೊದಲ ಮಣೆ. ಬಂಡವಾಳ ಹೊಳೆ ಹರಿದ ಹಾಗೆ ಬರುತ್ತೆ."

"ಸರಿ. ಅಲ್ಲಿರೋ ಜನ?" ಎಂದರು ಇನ್ನೊಬ್ಬರು.

ಮೊದಲಿನವರು ಅದಕ್ಕೆ ಉತ್ತರ ಕೊಟ್ಟರು. ಆದರೆ ಅದೇ ಗಳಿಗೆಯಲ್ಲಿ ಒಂದು ಮೊಳೆ ಕುರ್ಚಿಯಣ್ಣನ ಗಂಟಲ ಕಡೆ ಜಾರಿತು. ಸೋಫಾ ಕೆಮ್ಮತೊಡಗಿತು. ಸಾಹೇಬರಿಬ್ಬರೂ ಚೇಳು ಕುಟುಕಿದವರಂತೆ ಎದ್ದು ಬಾಗಿಲು ಸೇರಿದರು. ಮೊಳೆಯೇನೋ ಹೊರಗೆ ಬಂತು. ಉತ್ತರ ಮಾತ್ರ ಕಿವಿಗೆ ಬೀಳದೆ ಹೋಯಿತು. ಅರ್ಧ ಕೇಳಿಸಿಕೊಂಡ ನಿಜಕ್ಕೆ ಎಷ್ಟು ಮನೆ ಕೆಡವುವ ತಾಕತ್ತಿದೆ ಎಂಬುದು ಆಮೇಲೆ ತಿಳಿದ ವಿಚಾರ.

ಆ ಸಂಜೆ ಬೀದಿ ಮೂಲೆಯ ಚಹಾ ಅಂಗಡಿಯಲ್ಲಿ ರಿಟೈರಾದ ಮೇಷ್ಟ್ರು ಪೇಪರು ಓದಿ ಹೇಳುತ್ತಿದ್ದರು. ಹಿಂದುಳಿದ ಬೀದಿಗಳನ್ನು ಗುರುತಿಸಿ, ಅಲ್ಲಿ ಹೂಡಿಕೆಗೆ ಪ್ರೋತ್ಸಾಹ ಕೊಡುತ್ತಾರಂತೆ.

"ಪ್ರೋತ್ಸಾಹ ಅಂದ್ರೆ ಏನು ಮೇಷ್ಟ್ರೇ?" ಎಂದು ಚಹಾದವನು ಕೇಳಿದ. "ದುಡ್ಡು ಕೊಡೋದೋ, ಬರೀ ಬೆನ್ನು ತಟ್ಟೋದೋ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಗೊತ್ತಿಲ್ಲದ ಪ್ರಶ್ನೆ ಬಂದಾಗ ಶಾಲೆಯಲ್ಲೂ ಅವರು ಹೀಗೇ ಮಾಡುತ್ತಿದ್ದದ್ದು.

"ಅದನ್ನ ನನ್ನ ಕೇಳಿ," ಎಂದ ಕುರ್ಚಿಯಣ್ಣ, ಮಾಮೂಲಿಗಿಂತ ಒಂದು ಸ್ಥಾಯಿ ಕೆಳಗಿನ ದನಿಯಲ್ಲಿ. "ಇವತ್ತು ಸಾಹೇಬರು ಇದೇ ವಿಷಯ ಮಾತಾಡ್ವಾಗ ನಾನೂ ಇದ್ದೆ."

"ಪಕ್ಕದಲ್ಲೇ?"

"ಒಂದು ಗೇಣು ದೂರದಲ್ಲಿ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಯಾವ ದಿಕ್ಕಿನಲ್ಲಿ ಎಂದು ಯಾರೂ ಕೇಳಲಿಲ್ಲ ಅಷ್ಟೆ.

ಚಹಾದವನು ಅವನಿಗೆ ಲೋಟದ ಬದಲು ಕಪ್-ಸಾಸರಿನಲ್ಲಿ ಚಹಾ ಕೊಟ್ಟ. ಸಾಸರು ಕಂಡ ಕೂಡಲೇ ಕುರ್ಚಿಯಣ್ಣನ ನಾಲಿಗೆಗೆ ರೆಕ್ಕೆ ಬಂತು. ಹೆಚ್ಚು ಹಾಳಾದ ಬೀದಿಗೇ ಮೊದಲು ಹಣ. ಸೋರುವ ಮನೆಗೆ ಹೊಸ ಸೂರು, ಮುರಿದ ಅಂಗಡಿಗೆ ಹೊಸ ಬಾಗಿಲು. ತಾನು ಕೇಳಿಸಿಕೊಂಡದ್ದು ಎಲ್ಲಿ ಮುಗಿಯಿತು, ಹೇಳುತ್ತಿರುವುದು ಎಲ್ಲಿ ಶುರುವಾಯಿತು ಎಂಬುದು ಅವನಿಗೇ ತಿಳಿಯದಾಯಿತು.

"ಆದ್ರೆ ನಮ್ಮ ಬೀದಿ ಅಷ್ಟೇನೂ ಹಾಳಾಗಿಲ್ವಲ್ಲಪ್ಪ," ಎಂದರು ಮೇಷ್ಟ್ರು ಬೇಸರದಿಂದ.

"ಹಾಗಂತ ಕೈಕಟ್ಟಿ ಕೂತ್ಕೊಳ್ಳೋಕಾಗುತ್ತಾ ಮೇಷ್ಟ್ರೇ? ಪ್ರಯತ್ನ ಪಡ್ಬೇಕು!"

ಮಾತು ಎಲ್ಲರಿಗೂ ಹಿಡಿಸಿತು. ಬೀದಿ ಅಭ್ಯುದಯ ಸಮಿತಿ ಅಲ್ಲೇ ಹುಟ್ಟಿತು. ಕುರ್ಚಿಯಣ್ಣ ಅಧ್ಯಕ್ಷನಾದ. ಬೇರೆಯವರ ಕುರ್ಚಿ ರಿಪೇರಿ ಮಾಡುತ್ತಲೇ ಅರ್ಧ ಆಯುಷ್ಯ ಕಳೆದವನಿಗೆ ಮೊದಲ ಸಲ ಒಂದು ಕುರ್ಚಿ ಸಿಕ್ಕಿತು.

ಮರುದಿನದಿಂದ ಬೀದಿ ಶ್ರದ್ಧೆಯಿಂದ ಹಾಳಾಗತೊಡಗಿತು. ಚರಂಡಿಗೆ ಕಸ ತುಂಬಿ ನೀರು ಕಟ್ಟಿಸಿದರು. ಮೇಷ್ಟ್ರು ತಮ್ಮ ಕಿಟಕಿ ಗಾಜುಗಳನ್ನು ತಾವೇ ಒಡೆದರು. ಕಲ್ಲೆಸೆದ ಹುಡುಗರಿಗೆ ಜೀವನವಿಡೀ ಬೆತ್ತ ತೋರಿಸಿದ ಕೈಗೆ ಅದರಲ್ಲಿ ಎಂಥದೋ ಸುಖ ಸಿಕ್ಕಿರಬೇಕು, ಒಂದೂ ಉಳಿಸಲಿಲ್ಲ. ಚಹಾದವನು ಅಂಗಡಿಯ ಬಾಗಿಲಿನ ಒಂದು ಕೀಲು ಕಳಚಿ ಅದನ್ನು ಓರೆಯಾಗಿ ನೇತಾಡಲು ಬಿಟ್ಟ. ಯಾರಾದರೂ ಮರೆತು ಮನೆ ಮುಂದೆ ಗುಡಿಸಿದರೆ ಅಕ್ಕಪಕ್ಕದವರು, "ಏನಮ್ಮಾ, ಬೀದಿಗೆಲ್ಲ ಕೆಟ್ಟ ಹೆಸರು ತರ್ತೀಯಾ?" ಎಂದು ಗದರುತ್ತಿದ್ದರು.

ಕೊನೆಗೆ ಎಲ್ಲರ ಕಣ್ಣು ಕುಕ್ಕಿದ್ದು ಅಧ್ಯಕ್ಷರ ಮನೆಯೇ. ಅದು ಅವನ ಮಾವ ಕಟ್ಟಿಸಿದ ಮನೆ. ಕೆಳಗೆ ಕೆಲಸದ ಕೋಣೆ ಮತ್ತು ಅಡುಗೆಮನೆ. ಮೇಲಿನ ಕೋಣೆಯಲ್ಲಿ ಕಾಲಿನ ಬಲ ಹೋಗಿದ್ದ ಅತ್ತೆ. ಗಂಡನ ಮೆತ್ತೆಗಳಿಗೆ ಕವರು ಹೊಲಿಯುತ್ತಿದ್ದ ಹೆಂಡತಿ ವರ್ಷಕ್ಕೊಮ್ಮೆ ತನ್ನ ಕೈಯಾರೆ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಬೀದಿಯೆಲ್ಲ ಬಾಡಿ ಮಲಗಿದ್ದಾಗ ಆ ಮನೆಯೊಂದು ಈಗಷ್ಟೇ ಸ್ನಾನ ಮಾಡಿ ಬಂದಂತೆ ನಿಂತಿತ್ತು.

"ಆ ಗೋಡೆ ಮುಟ್ಟಿದ್ರೆ ನೋಡಿ," ಎಂದಳು ಹೆಂಡತಿ.

"ನಾನು ಅಧ್ಯಕ್ಷ ಕಣೇ. ಅಧ್ಯಕ್ಷನ ಮನೇನೇ ಹೀಗೆ ನೆಟ್ಟಗಿದ್ರೆ ಜನ ಏನಂತಾರೆ?"

"ನೆಟ್ಟಗಿದೆ ಅಂತಾರೆ."

ವಾದದಲ್ಲಿ ಅವಳನ್ನು ಗೆಲ್ಲುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಅವಳು ಬಟ್ಟೆ ತರಲು ಪೇಟೆಗೆ ಹೋದ ದಿನ ಸುತ್ತಿಗೆ ತೆಗೆದುಕೊಂಡ. ಸುಮ್ಮನೆ ಒಂದೆರಡು ಕಡೆ ಗಾರೆ ಉದುರಿಸಿದರೆ ಸಾಕು ಎಂದುಕೊಂಡಿದ್ದ. ಎರಡನೇ ಪೆಟ್ಟಿಗೆ ಬಾಗಿಲ ಮೇಲಿನ ಗಾರೆ ಚಕ್ಕೆ ಚಕ್ಕೆಯಾಗಿ ಕಳಚಿ ಬಿತ್ತು. ಒಳಗೆ ಮೇಲಿನ ಕೋಣೆಯನ್ನು ಹೊತ್ತ ತೊಲೆ ಕಂಡಿತು. ಅದಕ್ಕೆ ಸ್ಕ್ರೂಡ್ರೈವರಿನಿಂದ ಚುಚ್ಚಿದ. ಹಿಡಿಯವರೆಗೂ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಎಳೆದಾಗ ಜೊತೆಗೆ ಒಂದು ಮುಷ್ಟಿ ಗೆದ್ದಲ ಮಣ್ಣು ಸುರಿಯಿತು.

ನೋಡಲು ಬಂದ ಚಹಾದವನಿಗೆ ಹೊಟ್ಟೆಕಿಚ್ಚೇ ಆಯಿತು. "ಅಬ್ಬಬ್ಬಾ ಅಧ್ಯಕ್ಷರೇ, ನಾವೆಲ್ಲ ಏನೋ ಮೇಲುಮೇಲಕ್ಕೆ ಮಾಡ್ಕೊಂಡಿದ್ದೀವಿ. ಇದು ಒಳಗಿಂದಲೇ ಬಂದಿರೋದು! ಇದಕ್ಕೆ ಸಾಟಿಯಿಲ್ಲ ಬಿಡಿ."

ಹೆಂಡತಿ ಬಂದವಳು ಬಟ್ಟೆಯ ಗಂಟು ಇಳಿಸದೆ ನಿಂತು ನೋಡಿದಳು.

"ಇದರ ಕೆಳಗಾ ನಾವು ಇಷ್ಟು ವರ್ಷ ಮಲಗಿದ್ದು?" ಎಂದಳು. ಆಮೇಲೆ ತಲೆಯೆತ್ತಿ, "ಇದರ ಮೇಲಾ ನಮ್ಮಮ್ಮ ಮಲಗಿರೋದು?"

"ವಲಯ ಬರ್ಲಿ, ಹೊಸ ತೊಲೆನೇ ಹಾಕಿಸೋಣ," ಎಂದ. ದನಿ ಸ್ವಲ್ಪ ನಡುಗಿತು. ಅಧ್ಯಕ್ಷರ ದನಿ ನಡುಗಬಾರದೆಂದು ಆಮೇಲೆ ಕೆಮ್ಮಿ ಸರಿಮಾಡಿಕೊಂಡ.

ಸಮೀಕ್ಷೆಗೆ ಬಂದ ಸಾಹೇಬರು ಸಜ್ಜನರು. ಕೊಳೆತ ಚರಂಡಿ ದಾಟುವಾಗ ಮೂಗು ಮುಚ್ಚಿಕೊಳ್ಳಲಿಲ್ಲ, ಬದಲಿಗೆ ಒಂದು ಟಿಕ್ಕು ಹಾಕಿಕೊಂಡರು. ಮೇಷ್ಟ್ರು ಒಡೆದ ಕಿಟಕಿಯ ಹಿಂದೆ ನಿಂತು ಕ್ಷಯ ರೋಗಿಯಂತೆ ಕೆಮ್ಮಿದರು. ಅದು ಅಂಕಪಟ್ಟಿಯಲ್ಲಿ ಇರಲಿಲ್ಲವಾದರೂ ಸಾಹೇಬರು ಸಹಾನುಭೂತಿಯಿಂದ ತಲೆದೂಗಿದರು. ಅಧ್ಯಕ್ಷರ ಮನೆಯ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದಾಗ ಮಾತ್ರ ಎಡವಟ್ಟಾಯಿತು. ಅತ್ತೆಗೆ ಯಾರೂ ಏನೂ ಹೇಳಿರಲಿಲ್ಲ.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದರು ಆಕೆ. "ಮನೆ ನೋಡೋಕೆ ಬಂದ್ರಾ? ನಮ್ಮ ಯಜಮಾನ್ರು ಕಟ್ಟಿಸಿದ್ದು. ಬಂಡೆ ಬಂಡೆ! ಇನ್ನು ನೂರು ವರ್ಷ ಅಲ್ಲಾಡಲ್ಲ."

ಕುರ್ಚಿಯಣ್ಣ ಸಾಹೇಬರ ಕಿವಿಯ ಬಳಿ ಬಗ್ಗಿದ. "ಪಾಪ, ವಯಸ್ಸಾಗಿದೆ ಸಾರ್. ತಲೆ ಸ್ವಲ್ಪ..."

"ನನ್ನ ಕಾಲು ಹೋಗಿದೆ, ಕಿವಿ ಹೋಗಿಲ್ಲ ಅಳಿಯಂದ್ರೇ," ಎಂದರು ಅತ್ತೆ.

ಸಾಹೇಬರು ನಕ್ಕು, ಬಾಲ್ಕನಿಗೆ ಹೋಗಿ ಕಟಕಟೆಗೆ ಕೈಯೂರಿದರು. ಕಟಕಟೆ ಅವರ ಕೈಯಲ್ಲೇ ಬಂತು. ಚಹಾದವನು ಷರ್ಟು ಹಿಡಿದು ಹಿಂದಕ್ಕೆಳೆಯದಿದ್ದರೆ ಸಮೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಬೆವರೊರೆಸಿಕೊಂಡ ಸಾಹೇಬರ ಮುಖದಲ್ಲಿ ಕೋಪವೇ ಇರಲಿಲ್ಲ, ಮೆಚ್ಚುಗೆಯಿತ್ತು. "ನನ್ನ ಸರ್ವೀಸಿನಲ್ಲೇ ಇಂಥ ಬೀದಿ ನೋಡಿಲ್ಲ. ನೂರಕ್ಕೆ ತೊಂಬತ್ತೆಂಟು!" ಎಂದರು.

"ಇನ್ನೆರಡು ಎಲ್ಲಿ ಹೋಯ್ತು ಸಾರ್?" ಎಂದು ಮೇಷ್ಟ್ರು ಕೆಮ್ಮು ಮರೆತು ಕೇಳಿದರು.

"ಒಂದು ಮನೆಯೂ ಬಿದ್ದಿಲ್ವಲ್ಲ ಇನ್ನೂ."

ಬೀದಿಯ ಪರವಾಗಿ ಅಧ್ಯಕ್ಷರು ಸಮೀಕ್ಷೆಯ ವರದಿಗೆ ಸಹಿ ಹಾಕಿದರು. ಕಟ್ಟಡಗಳೆಲ್ಲ ವಾಸಕ್ಕೆ ಯೋಗ್ಯವಲ್ಲ ಎಂದು ಅದರಲ್ಲಿ ಬರೆದಿತ್ತು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, ವ್ಯಾಕರಣ ಸರಿಯಾಗಿದೆ ಎಂದರು. ಆ ಸಂಜೆ ಚಹಾ ಅಂಗಡಿಯಲ್ಲಿ ಎಲ್ಲರಿಗೂ ಕಪ್-ಸಾಸರು.

ವಲಯ ಬಂತು. ಮೊದಲ ಮಣೆಯೂ ಅವರ ಬೀದಿಗೇ ಸಿಕ್ಕಿತು. ಅದರ ಹಿಂದೆಯೇ ಮನೆಮನೆಯ ಬಾಗಿಲಿಗೆ ನೋಟೀಸು ಅಂಟಿತು: ಕಟ್ಟಡ ಅಪಾಯದಲ್ಲಿದೆ, ತೆರವು ಮಾಡಿ.

ಸಮಿತಿ ಇಡಿಯಾಗಿ ಕಚೇರಿಗೆ ನುಗ್ಗಿತು. ಸಾಹೇಬರು ಎಲ್ಲರನ್ನೂ ಅದೇ ಸೋಫಾದ ಮೇಲೆ ಕೂರಿಸಿ, ತಾಳ್ಮೆಯಿಂದ ವಿವರಿಸಿದರು. ಪ್ರೋತ್ಸಾಹ ಇರುವುದು ಹೂಡಿಕೆ ಮಾಡುವವರಿಗೆ. ಹಾಳುಬಿದ್ದ ಬೀದಿಯನ್ನು ಕೆಡವಿ ಹೊಸದಾಗಿ ಕಟ್ಟುವ ಕಂಪನಿಗೆ ಬಹಳ ವರ್ಷ ತೆರಿಗೆ ಮಾಫಿ. ಸ್ವಂತ ಮನೆಯಿದ್ದವರಿಗೆ ಊರಾಚೆಯ ವಸತಿ ಕಟ್ಟಡದಲ್ಲಿ ಒಂದು ಕೋಣೆ. ಬಾಡಿಗೆಗಿದ್ದವರಿಗೆ ಶುಭ ಹಾರೈಕೆ.

"ಆದ್ರೆ ಸಾರ್, ಹಾಳಾದೋರು ನಾವಲ್ವಾ?" ಎಂದ ಚಹಾದವನು. ಅವನ ಅಂಗಡಿ ಬಾಡಿಗೆಯದು.

"ಅದಕ್ಕೇ ಅಲ್ವೇ ಬೀದಿ ಆಯ್ಕೆ ಆಗಿದ್ದು?" ಎಂದರು ಸಾಹೇಬರು. "ಅಲ್ಲಿರೋರನ್ನ ಎಬ್ಬಿಸದೆ ಅಭಿವೃದ್ಧಿ ಹೇಗ್ರೀ ಆಗುತ್ತೆ? ಇದು ಮೊದಲಿಂದ್ಲೂ ಗೊತ್ತಿದ್ದ ವಿಷಯವೇ. ನಿಮ್ಮ ಅಧ್ಯಕ್ಷರೇ ಸಹಿ ಮಾಡಿದ್ದಾರಲ್ಲ."

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಸೋಫಾದ ಕೆಳಗೆ ಇನ್ನೊಮ್ಮೆ ತೂರಿಕೊಳ್ಳಲು ಜಾಗವಿದೆಯೇ ಎಂದು ಕುರ್ಚಿಯಣ್ಣ ನೋಡುತ್ತಿದ್ದ.

"ಒಂದು ಗೇಣು ದೂರದಲ್ಲಿದ್ದೆ ಅಂದ್ಯಲ್ಲೋ!" ಎಂದು ಚಹಾದವನು ಹಲ್ಲು ಕಡಿದ. "ಆ ಗೇಣಲ್ಲೇ ನಮಗೆಲ್ಲ ಗುಂಡಿ ತೋಡಿದ್ಯಲ್ಲ!"

ತಾವೇ ತಮ್ಮ ತಲೆ ಮೇಲೆ ಚಪ್ಪಡಿ ಎಳೆದುಕೊಂಡವರಿಗೆ ಒಂದು ಸಮಾಧಾನವಿರುತ್ತದೆ. ಎಳೆದದ್ದು ತಮ್ಮ ಕೈ ಎಂಬುದನ್ನು ಮರೆತು, ಚಪ್ಪಡಿ ತೋರಿಸಿಕೊಟ್ಟವನನ್ನು ಬೈಯಬಹುದು. ಬೀದಿಯವರು ಅದನ್ನು ಚೆನ್ನಾಗಿಯೇ ಬಳಸಿಕೊಂಡರು. ಆದರೂ ಬುದ್ಧಿ ಹೇಳಲು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಕುರ್ಚಿಯಣ್ಣ, "ಮನೆಗಳನ್ನ ಸರಿಮಾಡಿ ತೋರಿಸಿಬಿಡೋಣ. ಚೆನ್ನಾಗಿರೋ ಬೀದಿನ ಯಾರಾದ್ರೂ ಕೆಡವ್ತಾರಾ?" ಎಂದಾಗ, ಬೈಯುತ್ತ ಬೈಯುತ್ತಲೇ ಎಲ್ಲರೂ ಕುಂಚ ಹಿಡಿದರು. ಚರಂಡಿಯ ಕಸ ತೆಗೆದರು. ಮೇಷ್ಟ್ರು ಪಿಂಚಣಿ ಕೊಟ್ಟು ಗಾಜು ತಂದರು. ಕೀಲು ಹಾಕಿದ ಬಾಗಿಲಿಗೆ ಚಹಾದವನು ನೀಲಿ ಬಣ್ಣ ಬಳಿದ. ಹೆಂಡತಿ ಗೆದ್ದಲ ತೊಲೆಯ ಮೇಲೆ ಗಾರೆ ಮೆತ್ತಿ, ಸುಣ್ಣ ಹೊಡೆದಳು. ಬೀದಿ ಎಂದೂ ಇಲ್ಲದಷ್ಟು ಚೆಂದವಾಯಿತು.

ಸಾಹೇಬರನ್ನು ಕರೆತಂದರು. ಅವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಕಣ್ಣಲ್ಲಿ ನೀರೇ ಬಂತು.

"ಅದ್ಭುತ!" ಎಂದರು. "ವಲಯ ಅಂತ ಘೋಷಣೆ ಆಗಿ ತಿಂಗಳಾಗಿಲ್ಲ, ಎಷ್ಟೊಂದು ಸುಧಾರಣೆ! ಯೋಜನೆ ಯಶಸ್ವಿ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಹೊಸ ಗಾಜಿನ ಪಕ್ಕ ಮೇಷ್ಟ್ರನ್ನು ನಿಲ್ಲಿಸಿ ಫೋಟೋ ತೆಗೆಸಿದರು. ವರದಿಗೆ ಬೇಕಂತೆ. ಹೋಗುವ ಮುಂಚೆ ತೆರವಿನ ದಿನವನ್ನು ನೆನಪಿಸಿದರು. ಇಂಥ ಚೆಂದದ ಬೀದಿಗೆ ಹೂಡಿಕೆದಾರರು ಅವಸರ ಮಾಡುತ್ತಿದ್ದಾರೆ, ಒಂದು ವಾರ ಮುಂಚೆಯೇ ಬಿಟ್ಟುಕೊಟ್ಟರೆ ಉಪಕಾರವಾಗುತ್ತದೆ ಎಂದರು.

ತೆರವಿನ ದಿನ ಅತ್ತೆ ಕೆಳಗಿಳಿಯಲೊಲ್ಲೆ ಎಂದರು. "ಬಂಡೆಯಂಥ ಮನೆ. ಯಾಕೆ ಬಿಡ್ಲಿ?" ತೊಲೆಯ ವಿಷಯವನ್ನು ಆಕೆಗೆ ಹೇಳುವ ಧೈರ್ಯ ಮಗಳಿಗೂ ಇರಲಿಲ್ಲ, ಅಳಿಯನಿಗೂ ಇರಲಿಲ್ಲ. ಕೆಳಗೆ ಯಂತ್ರ ಗುರುಗುಡುತ್ತಿತ್ತು. ಕೊನೆಗೆ ಕುರ್ಚಿಯಣ್ಣ ತನ್ನಲ್ಲಿದ್ದ ಅತಿ ಮೆತ್ತನೆಯ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿದ. ಒಬ್ಬನ ಕೈಲಿ ಆಗುವ ಕೆಲಸವಲ್ಲ. ಮಾತು ಬಿಟ್ಟಿದ್ದ ಚಹಾದವನು ಮಾತಾಡದೆಯೇ ಬಂದು ಇನ್ನೊಂದು ಕಡೆ ಹಿಡಿದ. ಮೇಷ್ಟ್ರು ಮುಂದೆ ಮುಂದೆ ಹಿಮ್ಮುಖವಾಗಿ ಇಳಿಯುತ್ತ, "ಎಡಗಾಲು... ಬಲಗಾಲು..." ಎಂದು ಪಾಠ ಹೇಳಿದರು.

"ಕಳ್ಳ ನನ್ಮಕ್ಳಾ, ನನ್ನ ಮನೆಯಿಂದ ನನ್ನೇ ಕದ್ಕೊಂಡು ಹೋಗ್ತಿದ್ದೀರಲ್ರೋ!" ಎಂದು ಅತ್ತೆ ಬೀದಿಯುದ್ದಕ್ಕೂ ಬೈದರು. ಅಷ್ಟೂ ದಿನಗಳಲ್ಲಿ ಆ ಬೀದಿಯಲ್ಲಿ ಯಾರಾದರೂ ಸರಿಯಾದ ಮಾತಾಡಿದ್ದರೆ ಅದು ಅದೊಂದೇ.

ಊರಾಚೆಯ ಕೋಣೆ ಹೊಸದು. ಗೆದ್ದಲಿರಲಿಲ್ಲ, ತೊಲೆಯೂ ಇರಲಿಲ್ಲ, ಎಲ್ಲ ಸಿಮೆಂಟು. ಕುರ್ಚಿ ರಿಪೇರಿ ಮಾಡಿಸುವವರು ಅಷ್ಟು ದೂರ ಬರಲಿಲ್ಲವಾದ್ದರಿಂದ ಕುರ್ಚಿಯಣ್ಣ ಉಪಕರಣದ ಚೀಲ ಹೊತ್ತು ಬಸ್ಸು ಹತ್ತಿ ಕೆಲಸ ಹುಡುಕಿ ಹೋಗುತ್ತಿದ್ದ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಊಟಕ್ಕೆ ಎಬ್ಬಿಸಿದರೆ, "ಇದು ಯಾರ ಮನೆ? ಕರೆದೋರ ಮನೇಲಿ ಎಷ್ಟು ದಿನ ಅಂತ ಇರೋದು? ಹೊರಡೋಣ ನಡಿ," ಎನ್ನುತ್ತಿದ್ದರು. ಮಗಳು "ನಾಳೆ ಹೋಗೋಣಮ್ಮ," ಎನ್ನುತ್ತಿದ್ದಳು. ಹೀಗೆ ಒಂದು ನಾಳೆಯ ಬೆಳಿಗ್ಗೆ ಎಬ್ಬಿಸಲು ಹೋದಾಗ ಆಕೆ ಏಳಲಿಲ್ಲ.

ಹಳೆಯ ಬೀದಿಯವರಲ್ಲಿ ಸಾವಿಗೆ ಬಂದವರು ಕೆಲವರೇ. ಮೇಷ್ಟ್ರು ದೂರದ ತಂಗಿಯ ಮನೆ ಸೇರಿದ್ದರು. ಚಹಾದವನು ಎಲ್ಲಿದ್ದಾನೆಂದೇ ಗೊತ್ತಿರಲಿಲ್ಲ.

ಮುಂದಿನ ವರ್ಷ ಕಚೇರಿಯಿಂದ ಕಾರು ಬಂತು. ವಲಯದ ಮೊದಲ ಕಟ್ಟಡ ಎದ್ದು ನಿಂತಿದೆ, ಉದ್ಘಾಟನೆ, ಸ್ಥಳೀಯ ಸಮಿತಿಯ ಅಧ್ಯಕ್ಷರು ವೇದಿಕೆಯಲ್ಲಿ ನಾಲ್ಕು ಮಾತಾಡಬೇಕು ಎಂದರು ಬಂದವರು. ಕುರ್ಚಿಯಣ್ಣ ಒಲ್ಲೆ ಎನ್ನುವವನಿದ್ದ. ಹೆಂಡತಿ ಅವನ ಒಳ್ಳೆಯ ಷರ್ಟು ತೆಗೆದು ಮಂಚದ ಮೇಲಿಟ್ಟಳು.

"ಹೋಗಿ ಬನ್ನಿ. ಒಂದೇ ಮಾತು ಕೇಳಿ ಬನ್ನಿ. ನಮ್ಮಮ್ಮನ್ನ ಯಾಕೆ ಎಬ್ಬಿಸಿದ್ರಿ ಅಂತ. ಉತ್ತರ ಕೊಡ್ಲಿ, ಕೊಡದೆ ಇರ್ಲಿ. ಎಲ್ಲರ ಮುಂದೆ ಕೇಳಿ."

ಬೀದಿ ಎಲ್ಲಿತ್ತೆಂದು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗಾಜಿನ ಕಟ್ಟಡ, ಅದರ ಮುಂದೆ ಷಾಮಿಯಾನ. ಒಬ್ಬ ಮನುಷ್ಯ ಸಮವಸ್ತ್ರ ಹಾಕಿಕೊಂಡು ಗಣ್ಯರಿಗೆ ಟ್ರೇಯಲ್ಲಿ ಚಹಾ ಹಂಚುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಅವರ ಚಹಾದವನೇ.

"ತಗೊಳ್ಳಿ ಸಾರ್," ಎಂದ ಗುರುತೇ ಇಲ್ಲದವನಂತೆ. ಆಮೇಲೆ ತಗ್ಗಿದ ದನಿಯಲ್ಲಿ, "ಅಮ್ಮ ಹೋದ್ರಂತೆ, ತಡವಾಗಿ ಗೊತ್ತಾಯ್ತು ಕುರ್ಚಿಯಣ್ಣ," ಎಂದು ಮುಂದಿನ ಸಾಲಿಗೆ ಹೋದ.

ನಿರೂಪಕ ಮೈಕಿನಲ್ಲಿ ಕೂಗಿದ. "ಈ ಮಹಾ ಬದಲಾವಣೆಯ ರೂವಾರಿ! ಸ್ವಇಚ್ಛೆಯಿಂದ ತಮ್ಮ ಮನೆಯನ್ನೇ ಬಿಟ್ಟುಕೊಟ್ಟ ಮಹನೀಯರು!" ಕುರ್ಚಿಯಣ್ಣ ಮೈಕಿನ ಮುಂದೆ ನಿಂತ. ವೇದಿಕೆಯ ಮೇಲಿದ್ದವರಿಗೆಲ್ಲ ಗೌರವಾನ್ವಿತ, ಸನ್ಮಾನ್ಯ ಎಂದು ಹೇಳುವುದರಲ್ಲೇ ಅರ್ಧ ಉಸಿರು ಹೋಯಿತು. ಕೈಯೆತ್ತಿ ಹಿಂದಿನ ಕಟ್ಟಡ ತೋರಿಸಿದ.

"ನಮ್ಮತ್ತೆ ಇದ್ದ ಕೋಣೆ... ಅಲ್ಲೇ ಇತ್ತು. ಈಗ ಲಿಫ್ಟ್ ಬಂದಿದೆ ನೋಡಿ, ಅದೇ ಜಾಗ."

ಚಪ್ಪಾಳೆ ಬಿತ್ತು. ಅವನು ಗಾಬರಿಯಾದ.

"ಅಲ್ಲ, ಕೇಳಿ... ಅವರು ಇಳಿಯಲ್ಲ ಅಂದ್ರು. ನಾವೇ ಕೆಳಗಿಳಿಸಿದ್ವಿ. ಇಳಿಸಬಾರದಿತ್ತು. ಆಮೇಲೆ ಅವರು... ಮೇಲೆ ಹೋದ್ರು."

"ಕೇಳಿದ್ರಲ್ಲ!" ನಿರೂಪಕ ಮೈಕು ಕಿತ್ತುಕೊಂಡ. "ಕೆಳಗಿಳಿದ ಅತ್ತೆಯವರೂ ಮೇಲೆ ಹೋಗಿಬಿಟ್ರಂತೆ! ಈ ವಯಸ್ಸಲ್ಲಿ! ಲಿಫ್ಟ್ ಅಂದ್ರೆ ಹೀಗಿರ್ಬೇಕು!"

ಷಾಮಿಯಾನ ನಗೆಯಲ್ಲಿ ಅಲ್ಲಾಡಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಎಲ್ಲರೂ ಎದ್ದರು. ಟ್ರೇ ಹಿಡಿದಿದ್ದವನೊಬ್ಬ ಮಾತ್ರ ತಲೆ ತಗ್ಗಿಸಿ ನಿಂತಿದ್ದ. "ನಾನು ಹೇಳಿದ್ದು ಅದಲ್ಲ," ಎಂದು ಕುರ್ಚಿಯಣ್ಣ ಮೈಕಿಲ್ಲದೆ ಎರಡು ಸಲ ಹೇಳಿದ. ಪಕ್ಕದಲ್ಲಿದ್ದವರು ಅವನ ಕೈಕುಲುಕಿ, ಬಹಳ ಚೆನ್ನಾಗಿ ಮಾತಾಡಿದಿರಿ ಎಂದರು.

ಹಿಂದಿರುಗಲು ಕಾರು ಕೊಡಲಿಲ್ಲ. ಬಸ್ಸಿನಲ್ಲಿ ಬಂದ. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದಳು.

"ಕೇಳಿದ್ರಾ?"

"ಕೇಳ್ದೆ."

"ಎಲ್ಲರ ಮುಂದೆ?"

"ಎಲ್ಲರ ಮುಂದೇನೇ."

"ಏನಂದ್ರು?"

ಕುರ್ಚಿಯಣ್ಣ ಚಪ್ಪಲಿ ಬಿಟ್ಟು, ಒಳಗೆ ಬಂದು, ಗೋಡೆಗೊರಗಿ ನೆಲದ ಮೇಲೆ ಕೂತ.

"ಚಪ್ಪಾಳೆ ತಟ್ಟಿದ್ರು," ಎಂದ.